ಹಾಜರಿ ಪೆಟ್ಟಿಗೆಯ ಕೂಗು

“ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಹೋದವನಿಗೆ ಜಗಳವಿಲ್ಲ. ಅಲ್ವಾ ಬಾವ?”

ಹೀಗೆಂದು ಶಾಂತರಾಜು ಟೀ ಅಂಗಡಿಯ ಬೆಂಚಿನ ಮೇಲಿದ್ದವರನ್ನೆಲ್ಲ ಒಂದು ಸುತ್ತು ನೋಡಿದ. ನಗು ಬರಬೇಕಾಗಿತ್ತು. ಅವನು ಬಾಯಿ ತೆರೆದರೆ ಭೀಮನಬೀಡಿನಲ್ಲಿ ನಗು ಬರುವುದು ವಾಡಿಕೆ. ಗುಂಡ್ಲುಪೇಟೆ ಬಸ್ಸಿನ ಕಂಡಕ್ಟರು, ಮದ್ದೂರಿನ ಫಾರೆಸ್ಟ್ ಗಾರ್ಡು, ಮಲಯಾಳ ಬೆರೆಸಿ ಚೆಂಡುಹೂವಿಗೆ ಚೌಕಾಸಿ ಮಾಡುವ ಕೇರಳದ ವ್ಯಾಪಾರಿ, ಹೀಗೆ ಅರ್ಧ ತಾಲ್ಲೂಕು ಅವನ ಗಂಟಲೊಳಗೆ ಬಾಡಿಗೆಗಿತ್ತು. ಆದರೆ ಆ ಸಂಜೆ ಯಾರೂ ನಗಲಿಲ್ಲ. ಅವನ ಅಕ್ಕನ ಗಂಡ ಲಿಂಗಯ್ಯ ಅರ್ಧ ಕುಡಿದ ಲೋಟವನ್ನು ಬೆಂಚಿನ ಮೇಲಿಟ್ಟು, ಕುತ್ತಿಗೆಯ ಟವೆಲನ್ನು ಇನ್ನೊಂದು ಸುತ್ತು ಬಿಗಿದುಕೊಂಡು, ಎದ್ದು ಹೊಲದ ದಾರಿ ಹಿಡಿದ. ಟವೆಲಿನ ಕೆಳಗೆ, ಗಂಟಲ ಗುಣಿಯಲ್ಲಿ, ಉಸಿರಾಡಲು ಮಾಡಿಟ್ಟ ತೂತಿತ್ತು. ಮೈಸೂರಿನಲ್ಲಿ ಆಪರೇಷನ್ ಮಾಡಿ ಗಡ್ಡೆಯ ಜೊತೆಗೆ ದನಿಪೆಟ್ಟಿಗೆಯನ್ನೂ ತೆಗೆದು ವರ್ಷ ಕಳೆದಿತ್ತು.

ವೇದ ಸುಳ್ಳಾದರೂ ಗಾದೆ ಸುಳ್ಳಾಗದು ಎನ್ನುತ್ತಾರೆ. ಅಲ್ಲಿ ಗಾದೆಯೇ ಸುಳ್ಳಾಯಿತು; ಮಾತು ಹೋದವನ ಜೊತೆಗೂ ಜಗಳವಾಯಿತು. ಮುಂದಿನದು ಮಾತ್ರ ಸುಳ್ಳಲ್ಲ, ನಡೆದದ್ದು ನಡೆದ ಹಾಗೇ.

ಲಿಂಗಯ್ಯನ ಹೊಲ ಕಾಡಿಗೆ ಅಂಟಿಕೊಂಡ ಮೊದಲ ಹೊಲ. ಅಲ್ಲಿನ ಕಾವಲಿಗೆ ಒಂದು ಪದ್ಧತಿಯಿದೆ. ಹೊತ್ತು ಮುಳುಗುವಾಗ ಎಲ್ಲರೂ ತಂತಮ್ಮ ಅಟ್ಟಣೆ ಹತ್ತಿದ ಮೇಲೆ, ಕಾಡಿಗೆ ಹತ್ತಿರದವನು ಮೊದಲು ಕೂಗಬೇಕು. ಅವನ ಕೂಗು ನಿಂತ ಮೇಲೆ ಪಕ್ಕದವನು, ಆಮೇಲೆ ಅವನ ಪಕ್ಕದವನು. ಹೀಗೆ ಕೂಗು ಹೊಲದಿಂದ ಹೊಲಕ್ಕೆ ಊರಿನ ತನಕ ನಡೆದು ಹೋಗಬೇಕು. ಆನೆಗೆ ಅದು ಎಚ್ಚರಿಕೆ, ಮನುಷ್ಯರಿಗೆ ಹಾಜರಿ. ಮೀಸೆ ಚಿಗುರಿದಾಗಿನಿಂದ ಮೊದಲ ಕೂಗು ಲಿಂಗಯ್ಯನದು. “ಹೋ... ಹೋಯ್... ದೊಡ್ಡಯ್ಯೋ, ಓಗಪ್ಪಾ ನಿಮ್ಮನೆಗೇ!” ಆನೆಯನ್ನು ಅವನು ಒಮ್ಮೆಯೂ ಆನೆ ಎಂದು ಕರೆದವನಲ್ಲ. ಬೇರೆಯವರು ಎಣ್ಣೆ ಡಬ್ಬ ಬಡಿಯುತ್ತಿದ್ದರು, ಪಟಾಕಿ ಹೊಡೆಯುತ್ತಿದ್ದರು. “ಬಾಯಿರೋನ್ಗೆ ಡಬ್ಬ ಯಾಕ್ಲಾ?” ಎನ್ನುತ್ತಿದ್ದ ಲಿಂಗಯ್ಯ.

ಒಮ್ಮೆ ಶಾಂತರಾಜು ತನ್ನ ಹೊಲಕ್ಕೆ ಕರಿಯ ನೀರಿನ ಟ್ಯಾಂಕು ತಂದಿಳಿಸಿದ್ದ. ಸಂಜೆಯ ಮಬ್ಬಿನಲ್ಲಿ ಲಿಂಗಯ್ಯ ಅದನ್ನೇ ಆನೆಯೆಂದುಕೊಂಡು, ಗಂಟಲು ಕಟ್ಟುವ ತನಕ ಕೂಗಿ, “ಭಾರೀ ಮೊಂಡು ಕಣ್ಲಾ ಶಾಂತ ಇದು, ಅಲ್ಲಾಡ್ತಾನೇ ಇಲ್ಲ” ಎಂದಿದ್ದ. ಶಾಂತರಾಜು ಅದನ್ನು ಬಾವನ ದನಿಯಲ್ಲೇ ಊರೆಲ್ಲ ಆಡಿ ತೋರಿಸುವನು. ತನ್ನ ದನಿಯನ್ನು ಇನ್ನೊಬ್ಬನ ಬಾಯಲ್ಲಿ ಕೇಳಿ ಲಿಂಗಯ್ಯ ಕೆಮ್ಮು ಬರುವಷ್ಟು ನಗುವನು. ಆಪರೇಷನ್ ಆದಮೇಲೆ ಆ ಆಟ ನಿಂತಿತು.

ದನಿ ಹೋದರೂ ಲಿಂಗಯ್ಯ ಅಟ್ಟಣೆ ಹತ್ತುವುದನ್ನು ಬಿಡಲಿಲ್ಲ. ಮೊದಮೊದಲು ಪಕ್ಕದ ಹೊಲದ ಪುಟ್ಟಮಲ್ಲಪ್ಪ, ಒಂದು ಕೂಗು ಮುಗಿಯುವಷ್ಟು ಹೊತ್ತು ಸುಮ್ಮನೆ ಕಾದು ಆಮೇಲೆ ತಾನು ಕೂಗುತ್ತಿದ್ದ. ಬರಬರುತ್ತ ಕಾಯುವುದು ಮರೆತುಹೋಯಿತು. ಈಗ ಸಾಲು ಅವನಿಂದಲೇ ಶುರು. ಲಿಂಗಯ್ಯನ ಮಗಳು ಶಿವರಂಜಿನಿ ಅಟ್ಟಣೆಯ ಗಳಕ್ಕೆ ಒಂದು ಎಣ್ಣೆ ಡಬ್ಬ, ಒಂದು ಕೋಲು ಕಟ್ಟಿಟ್ಟಿದ್ದಳು. ಡಬ್ಬದ ಬಾಯಿಗೆ ಜೇಡ ಬಲೆ ನೇಯ್ದಿತ್ತು.

ಶಿವರಂಜಿನಿ ಚಾಮರಾಜನಗರದ ಒಂದು ಪಾಲಿಟೆಕ್ನಿಕ್ಕಿನಲ್ಲಿ ಲ್ಯಾಬ್ ನೋಡಿಕೊಳ್ಳುವ ಕೆಲಸದಲ್ಲಿದ್ದಳು. ತಾಯಿ ತೀರಿಕೊಂಡ ಮೇಲೆ ಮನೆಯಲ್ಲಿ ಇಬ್ಬರೇ. ಮಧ್ಯಾಹ್ನ ಊಟದ ಡಬ್ಬಿ ಬಿಚ್ಚುವ ಮೊದಲು ಮನೆಗೆ ಫೋನು ಮಾಡುವಳು. “ಅಪ್ಪಾ, ಉಂಡ್ಯಾ?” ಅತ್ತ ಲಿಂಗಯ್ಯ ಫೋನಿನ ಬೆನ್ನಿಗೆ ಬೆರಳಿಂದ ತಟ್ಟುವನು. ಒಂದು ತಟ್ಟಿದರೆ ಹೂಂ. ಎರಡಾದರೆ ಉಹುಂ. ಉಗುರಿನಿಂದ ಕೆರೆದರೆ, ನೋಡೋಣ.

“ಶಾಂತಮಾವ ಬಂದಿತ್ತಾ?”

ಎರಡು.

“ನೀನೇ ಓಗ್ಬಾ ಮತ್ತೆ.”

ಎರಡು.

“ಬ್ಯಾಸರ್ವಾ ಅಪ್ಪಾ?”

ತಟ್ಟುವುದೂ ಇಲ್ಲ, ಕೆರೆಯುವುದೂ ಇಲ್ಲ. ಅಂಗಳದಲ್ಲಿ ಕೋಳಿ ಮಣ್ಣು ಕೆದಕುವ ಸದ್ದು ಮಾತ್ರ ಕೇಳುತ್ತಿತ್ತು. ಅವಳು ಅದನ್ನೇ ಸ್ವಲ್ಪ ಹೊತ್ತು ಕೇಳಿಸಿಕೊಂಡು ಫೋನಿಡುತ್ತಿದ್ದಳು.

ಕಾಲೇಜಿಗೆ ಹೊಸ ಹಾಜರಿ ಯಂತ್ರ ಬಂದಾಗ ಹಳೆಯದನ್ನು ಗುಜರಿಗೆಂದು ಮೂಲೆಗೆ ಎಸೆದಿದ್ದರು. ಬೆರಳು ಒತ್ತಿದರೆ ‘ಕೀಂಕ್’ ಎನ್ನುವುದು ಬಿಟ್ಟು ಆ ಪೆಟ್ಟಿಗೆಗೆ ಬೇರೆ ಭಾಷೆ ಗೊತ್ತಿರಲಿಲ್ಲ. ಶಿವರಂಜಿನಿ ಕೇಳಿ ಪಡೆದು ಬಿಚ್ಚಿ ನೋಡಿದಳು. ಒಳಗಿನ ಚಿಪ್‌ನಲ್ಲಿ ದನಿ ಹೊರಡಿಸುವ ಭಾಗವೂ ಇತ್ತು. ಆದರೆ ಯಂತ್ರ ಏಳುವಾಗ ಎಲ್ಲಕ್ಕಿಂತ ಮೊದಲು ತಾನು ಎದ್ದು, ಯಾವ ಅಂಗ ಏನು ಮಾಡಬೇಕೆಂದು ಹೇಳುವ ಯಜಮಾನ ಒಂದಿರುತ್ತದಲ್ಲ, ಕರ್ನಲ್ ಎನ್ನುತ್ತಾರೆ, ಅದನ್ನು ಕಟ್ಟಿದವರು ದನಿಯ ಪ್ರಶ್ನೆ ಬಂದಾಗ ‘ಬೇಡ’ ಎಂದುಬಿಟ್ಟಿದ್ದರು. ಗಂಟಲಿತ್ತು, ಅಪ್ಪಣೆ ಇರಲಿಲ್ಲ. ಹೊಸ ಕರ್ನಲ್ ಕಟ್ಟಿದರೆ, ಗುಂಡಿ ಒತ್ತಿದಾಗ ಪೆಟ್ಟಿಗೆ ಎದ್ದು ಕೂಗುವಂತೆ ಮಾಡಬಹುದು. ಒತ್ತುವ ಬೆರಳು ಅಪ್ಪನದಾಗಿರಬೇಕು.

“ಕೂಗೋ ಪೆಟ್ಟಿಗೆ ಅಂಗಡೀಲೇ ಸಿಗ್ತವಲ್ರೀ,” ಎಂದಳು ಪಕ್ಕದ ಮೇಜಿನ ಪವಿತ್ರ.

ಸಿಗುತ್ತಿದ್ದವು. ಊರಿನ ಚಿಕ್ಕಮಲ್ಲಪ್ಪ ತಮಿಳುನಾಡಿನಿಂದ ಒಂದನ್ನು ತಂದು ಕಟ್ಟಿದ್ದ. ಅದು ಬೆಳಕು ಹರಿಯುವ ತನಕ ಒಂದೇ ಸಮ “ಪೋ, ಪೋ” ಎಂದು ತಮಿಳಿನಲ್ಲಿ ಬೈಯುತ್ತಿತ್ತು. ವಾರ ಕಳೆಯುವುದರೊಳಗೆ ಕಾಡುಹಂದಿಗಳು ತಮಿಳು ಕಲಿತು ಅದರ ಬುಡದಲ್ಲೇ ಜೋಳ ತಿನ್ನತೊಡಗಿದವು. ಅದು ಆಳಿಲ್ಲದ ಹೊಲದ ಪೆಟ್ಟಿಗೆ. ಶಿವರಂಜಿನಿಗೆ ಬೇಕಾದದ್ದು ಆಳು ಕೂತ ಹೊಲದ ಪೆಟ್ಟಿಗೆ.

ಲ್ಯಾಬು ಖಾಲಿಯಾದ ಮೇಲೆ, ಬಸ್ಸಿನ ಹೊತ್ತಿನ ತನಕ ಅವಳು ಕೂತು ಕರ್ನಲಿನ ಪ್ರಶ್ನೆಗಳಿಗೆ ಉತ್ತರ ಕೊಡುತ್ತಿದ್ದಳು. ಲ್ಯಾಪ್‌ಟಾಪಿನ ಪರದೆ ಬಿಡದೆ ಕೇಳುತ್ತಿತ್ತು. ನೆಟ್‌ವರ್ಕ್ ಬೇಕೇ? ಬೇಡ. ಕ್ಯಾಮೆರಾ? ಬೇಡ. ಒಂದೊಂದಕ್ಕೂ ಮೂರೇ ಉತ್ತರ: ಬೇಕು, ಬೇಡ, ಬೇಕಾದಾಗ ಕರೆದುಕೊಳ್ಳುತ್ತೇನೆ. ಅವಳಿಗೆ ಅದು ಹೊಸದೆನಿಸಲಿಲ್ಲ; ಫೋನು ತಟ್ಟುವ ಅಪ್ಪನ ಬೆರಳಿಗೂ ಮೂರೇ ಉತ್ತರ. ದಿನವಿಡೀ ಅವಳನ್ನು ಇಷ್ಟು ಪ್ರಶ್ನೆ ಕೇಳುವವರು ಬೇರೆ ಯಾರೂ ಇರಲಿಲ್ಲ. ಕೆಲವೊಮ್ಮೆ ಬಾಯಿ ಬಿಟ್ಟೇ ಉತ್ತರಿಸುತ್ತಿದ್ದಳು. “ಬ್ಲೂಟೂತ್ ಯಾಕಪ್ಪ ನಿಂಗೆ? ಯಾರ್ ಜೊತೆ ಮಾತಾಡ್ಬೇಕು?” ಎಂದು ಒಂದು ಸಂಜೆ ಕೇಳಿದಳು. ಮಾತು ಖಾಲಿ ಲ್ಯಾಬಿನ ಗೋಡೆಗೆ ಬಡಿದು ಅವಳ ಬಳಿಗೇ ವಾಪಸು ಬಂತು. ಎದ್ದು ಫ್ಯಾನ್ ಆರಿಸಿ, ಮತ್ತೆ ಬಂದು ಕೂತಳು.

ಕಟ್ಟಿ ಮುಗಿದದ್ದನ್ನು ಮೆಮೊರಿ ಕಾರ್ಡಿಗೆ ತುಂಬಿ ಪೆಟ್ಟಿಗೆಗೆ ಹಾಕಿದರೆ, ಒಂದು ಕೆಂಪು ದೀಪ ಉರಿಯಿತು, ಅಷ್ಟೆ. ಕೀಂಕೂ ಇಲ್ಲ. ತಂತಿ ಬದಲಿಸಿದಳು, ಕಾರ್ಡು ಬದಲಿಸಿದಳು. ತಪ್ಪು ಇದ್ದದ್ದು ಎಲ್ಲಕ್ಕಿಂತ ಮೊದಲ ಮಾತಿನಲ್ಲಿ. ಯಾವ ಜಾತಿಯ ಪ್ರೊಸೆಸರಿಗೆ ಕಟ್ಟಬೇಕೆಂದು ಮೊದಲೇ ಹೇಳಬೇಕು. ಹೇಳದಿದ್ದರೆ ಕರ್ನಲ್ ಕಟ್ಟುವ ತಂತ್ರಾಂಶ ತಾನು ಕೂತ ಮನೆಯನ್ನೇ ಲೋಕವೆಂದುಕೊಂಡು, ಆ ಲ್ಯಾಪ್‌ಟಾಪಿಗೆ ಹೊಂದುವಂತೆಯೇ ಕಟ್ಟುತ್ತದೆ. ಪೆಟ್ಟಿಗೆಯೊಳಗಿನದು ಆರ್ಮ್ ಜಾತಿಯ ಚಿಪ್. ಲ್ಯಾಪ್‌ಟಾಪಿಗೆ ತಿಳಿಯುವ ಒಂದು ಅಪ್ಪಣೆಯೂ ಅದಕ್ಕೆ ತಿಳಿಯದು. ಅಷ್ಟು ಸಂಜೆ ಅವಳು ಉತ್ತರಿಸಿದ್ದು ಬೇರೆಯವರ ಮನೆಯ ಪ್ರಶ್ನೆಗಳಿಗೆ.

ಮೊದಲ ಸಾಲಿನಲ್ಲಿ ‘ಆರ್ಮ್’ ಎಂದು ಬರೆದು ಮತ್ತೆ ಮೊದಲಿನಿಂದ ಶುರುಮಾಡಿದಳು. ಈ ಸಲ ಬಂದ ಪ್ರಶ್ನೆಗಳೇ ಬೇರೆ. ಬೇಡ, ಬೇಡ, ಬೇಡ ಎನ್ನುತ್ತ ಇಳಿದು, ಒಂದು ಕಡೆ ಅವಳ ಬೆರಳು ನಿಂತಿತು. ಈ ಚಿಪ್‌ನ ದನಿ?

“ಬೇಕು,” ಎಂದಳು, ಗಟ್ಟಿಯಾಗಿ.

ದನಿಗೆ ದಾರಿಯಾಯಿತು, ದನಿ ಇರಲಿಲ್ಲ. ಮನೆಯ ಫೋನುಗಳಲ್ಲೆಲ್ಲ ಅಪ್ಪನ ಹಳೆಯ ದನಿಗಾಗಿ ತಡಕಿದ ಮೇಲೆ ಒಂದು ಸಂಜೆ ಶಿವರಂಜಿನಿ ಸೋದರಮಾವನ ಕೊಟ್ಟಿಗೆಗೆ ಹೋದಳು. ಶಾಂತರಾಜು ಹಾಲು ಕರೆಯುತ್ತಿದ್ದ.

“ಮಾವ, ಅಪ್ಪನ ಕೂಗು ನಿಂಗೆ ಬತ್ತದಲ್ಲ.”

“ಬತ್ತಿತ್ತು.”

“ಈಗ?”

“ಇರೋ ದನಿಯ ಆಡ್ಕಬೌದು ಕಣಮ್ಮಿ. ಇಲ್ದೇ ಇರೋದ್ನ ಆಡ್ಕಂಡ್ರೆ ತಿಥಿ ಮಾಡ್ದಂಗೆ. ಮೊದ್ಲೇ ಒಂದ್ ಗಾದೆ ಯೋಳಿ ಬಾವನ್ನ ಕಳ್ಕಂಡಿವ್ನಿ.”

“ಎಲ್ಲೂ ಇಲ್ಲ ಮಾವ. ಮದ್ವೆ ವಿಡಿಯೋದಲ್ಲಿ ನೋಡುದ್ರೆ ಅಪ್ಪ ಬರೀ ಉಣ್ತಾ ಕೂತದೆ. ಒಂದು ಮಾತೂ ಆಡಿಲ್ಲ.”

“ಉಣ್ಣೋವಾಗ ಬಾವ ಮಾತಾಡಾಕಿಲ್ಲ ಬುಡು. ಊಟ ಬಲ್ಲವ...” ಎಂದವನು ಅಲ್ಲಿಗೇ ನಾಲಿಗೆ ಕಚ್ಚಿಕೊಂಡ. ಹಸು ಬಾಲ ಬೀಸಿ ಅವನ ಕೆನ್ನೆಗೆ ಒಂದು ಕೊಟ್ಟಿತು. “ನೋಡು, ಇದ್ಕೂ ಗೊತ್ತಾಯ್ತು,” ಎಂದ.

ವಾರದ ಕೊನೆಗೆ ಅವಳ ಫೋನಿಗೆ ರೆಕಾರ್ಡಿಂಗು ಬಂತು. ಹಿಂದೆಯೇ ಮಾವನ ಕರೆಯೂ ಬಂತು. “ಪೂರ್ತಿ ಕೇಳ್ಬ್ಯಾಡ ಕಣಮ್ಮಿ. ಅಳ್ತೀಯ.”

ಲ್ಯಾಬಿನಲ್ಲಿ ಅದನ್ನು ಪೆಟ್ಟಿಗೆಗೆ ತುಂಬಿ ಗುಂಡಿ ಒತ್ತಿದಳು. “ಹೋ... ಹೋಯ್...” ಅಷ್ಟಕ್ಕೇ ಅವಳ ಕೈ ತಂತಿ ಕಿತ್ತುಹಾಕಿತ್ತು. ಪವಿತ್ರ ಸ್ಟಾಫ್ ರೂಮಿನಿಂದ ಓಡಿಬಂದಳು.

“ಯಾರ್ರೀ ಅದು, ಯಾರೋ ಗಂಡಸರು ಕೂಗಿದ್ದು?”

“ನಮ್ಮಪ್ಪ,” ಎಂದಳು ಶಿವರಂಜಿನಿ. ಪೂರ್ತಿ ಕೇಳುವ ಧೈರ್ಯ ಆಮೇಲೂ ಬರಲಿಲ್ಲ.

ಭಾನುವಾರ ಹೊತ್ತು ಇಳಿಯುವಾಗ ಅವಳು ಅಟ್ಟಣೆಯ ಗಳಕ್ಕೆ ಹಾರ್ನ್ ಸ್ಪೀಕರ್ ಬಿಗಿದಳು. ಬ್ಯಾಟರಿ ಸೇರಿಸಿದಳು. ಬಾಗಿಲ ಗಂಟೆಯ ಗುಂಡಿಯೊಂದನ್ನು ಅಪ್ಪನ ಕೈಗೆ ಎಟಕುವ ಹಾಗೆ ಹಲಗೆಗೆ ಕೂರಿಸಿದಳು. ಲಿಂಗಯ್ಯ ಕಂಬಳಿಯ ಮೇಲೆ ಕೂತು ಎಲ್ಲವನ್ನೂ ನೋಡಿದ.

“ಒತ್ತಪ್ಪಾ. ನಿನ್ ಕೂಗೇ ಅದೆ ಇದ್ರಲ್ಲಿ.”

ಅವನ ಹುಬ್ಬು ಮೇಲೆ ಹೋಯಿತು.

“ಶಾಂತಮಾವ ಕೂಗಿರದು.”

ಲಿಂಗಯ್ಯ ಹಲಗೆಯನ್ನು ಎರಡು ಸಲ ತಟ್ಟಿ ಕಾಡಿನ ಕಡೆ ತಿರುಗಿ ಕೂತ. ಮುಸುಕಿನ ಜೋಳದ ಗರಿ ಗಾಳಿಗೆ ಸರಸರ ಎನ್ನುತ್ತಿತ್ತು. ಅತ್ತ ಪುಟ್ಟಮಲ್ಲಪ್ಪ ತನ್ನ ಅಟ್ಟಣೆ ಹತ್ತಿ, ಟಾರ್ಚು ಹಾಕಿ ಆರಿಸಿ, ಕ್ಯಾಕರಿಸಿ ಗಂಟಲು ಸರಿಮಾಡಿಕೊಂಡ. ಇನ್ನೇನು ಸಾಲು ಶುರುವಾಗಬೇಕು.

“ಅಪ್ಪಾ, ಪುಟ್ಟಮಲ್ಲಪ್ಪಣ್ಣ ಕೂಗ್ಬುಡ್ತದೆ.”

ಲಿಂಗಯ್ಯನ ಬೆನ್ನು ಅಲುಗಲಿಲ್ಲ. ಕೈ ಮಾತ್ರ ಹಿಂದಕ್ಕೆ ಬಂದು, ತಡಕಿ, ಗುಂಡಿ ಒತ್ತಿತು.

ಪೆಟ್ಟಿಗೆ ಏಳಲು ಒಂದೆರಡು ಉಸಿರಿನಷ್ಟು ಹೊತ್ತು ಹಿಡಿಯಿತು. ಆಮೇಲೆ, “ಹೋ... ಹೋಯ್... ದೊಡ್ಡಯ್ಯೋ, ಓಗಪ್ಪಾ ನಿಮ್ಮನೆಗೇ!”

ಬೇಲಿಯ ಮರದಿಂದ ಕೊಕ್ಕರೆಗಳು ಭರ್ರೆಂದು ಎದ್ದವು. ಲಿಂಗಯ್ಯನ ಕೈ ತನ್ನಷ್ಟಕ್ಕೇ ಕುತ್ತಿಗೆಯ ಟವೆಲಿಗೆ ಹೋಯಿತು. ಕೂಗು ಕಾಡಿನ ಕಡೆ ಹೋಗಿ ಕರಗಿತು. ಈಗ ಪುಟ್ಟಮಲ್ಲಪ್ಪನ ಸರದಿ. ಅವನು ಎದ್ದು ನಿಂತಿದ್ದ. ಅಷ್ಟರಲ್ಲಿ ಪೆಟ್ಟಿಗೆ ಒಮ್ಮೆ ಕೆಮ್ಮಿತು, ಬೀಡಿ ಸೇದಿದ ಲಿಂಗಯ್ಯನ ಕೆಮ್ಮು ಅದು, ಮತ್ತು ದನಿ ತಗ್ಗಿಸಿ ಮಾತಾಡಿತು.

“ಭಾರೀ ಮೊಂಡು ಕಣ್ಲಾ ಶಾಂತ ಇದು. ಅಲ್ಲಾಡ್ತಾನೇ ಇಲ್ಲ. ನೀನೇ ಒಸಿ ಅತ್ರಕ್ಕೋಗಿ ಸೊಂಡ್ಲು ತಿರುವ್ನೋಡು, ನೀರು ಬತ್ತದಾ ಅಂತ. ನಾನ್ ಇಲ್ಲೇ ಇರ್ತಿನಿ. ಎದ್ರಿಕಂಡಲ್ಲ ಕಣ್ಲಾ, ಕಾಲು ಉಳುಕದೆ.”

ಹಾರ್ನಿನ ದನಿ ಎಲ್ಲ ಹೊಲಗಳಿಗೂ ಕೇಳುವಂಥದು. ಶಿವರಂಜಿನಿ ಹೌಹಾರಿ ತಂತಿ ಕೀಳಲು ಕೈ ಚಾಚಿದಳು. ಲಿಂಗಯ್ಯ ಅವಳ ಮಣಿಕಟ್ಟು ಹಿಡಿದ. ಕೆಳಗೆ ಜೋಳದ ಸಾಲಿನ ನಡುವೆ ಶಾಂತರಾಜು ನಿಂತಿದ್ದ. ಯಾವಾಗ ಬಂದನೋ, ಮುಖ ಮೇಲೆತ್ತಿ, ಯಾರ ದನಿಯೂ ಇಲ್ಲದ ಬಾಯನ್ನು ಅಂಗೈಯಿಂದ ಮುಚ್ಚಿಕೊಂಡಿದ್ದ.

ಮೊದಲು ನಕ್ಕವನು ಪುಟ್ಟಮಲ್ಲಪ್ಪ. ಅವನ ಆಚೆಗೆ, ತಮಿಳು ಪೆಟ್ಟಿಗೆ ಬಿಚ್ಚಿಟ್ಟು ತಾನೇ ಕಾವಲಿಗೆ ಕೂತಿದ್ದ ಚಿಕ್ಕಮಲ್ಲಪ್ಪ. “ಟ್ಯಾಂಕು ಕಣ್ರಲಾ, ಟ್ಯಾಂಕು!” ಎಂದು ಯಾರೋ ಕಿರುಚಿದರು. ನಗು ಹೊಲದಿಂದ ಹೊಲಕ್ಕೆ ಊರಿನ ಕಡೆ ನಡೆಯಿತು.

ಲಿಂಗಯ್ಯನ ಹೆಗಲು ಕುಲುಕುತ್ತಿತ್ತು. ಅಪ್ಪ ಅಳುತ್ತಿದ್ದಾನೆಂದು ಶಿವರಂಜಿನಿ ಮುಂದೆ ಬಂದು ಮುಖ ನೋಡಿದಳು. ಬಾಯಿ ಅಗಲಕ್ಕೆ ತೆರೆದಿತ್ತು, ಕಣ್ಣಲ್ಲಿ ನೀರಿತ್ತು, ಗಂಟಲ ಮೇಲಿನ ಟವೆಲು ಪುಸ್ ಪುಸ್ ಎಂದು ಉಬ್ಬಿ ಇಳಿಯುತ್ತಿತ್ತು. ಅವನು ತೊಡೆ ತಟ್ಟಿಕೊಂಡ. ಸಾಲಲಿಲ್ಲ. ಹಲಗೆ ಬಡಿದ. ಸಾಲಲಿಲ್ಲ. ಕೆಳಗೆ ನಿಂತವನ ಕಡೆ ಬೆರಳು ಮಾಡಿ, ಆ ಕೈಯನ್ನೇ ಸುತ್ತಲೂ ಆಡಿಸಿ, ಸಿಕ್ಕಿದ ಕೋಲನ್ನು ಎಳೆದುಕೊಂಡು ಎಣ್ಣೆ ಡಬ್ಬಕ್ಕೆ ಹೊಡೆದ.

ಢಣ್ ಎಂದಿತು. ಜೇಡ ನೂಲು ಹಿಡಿದು ಕೆಳಗಿಳಿಯಿತು. ಢಣ್ ಢಣ್ ಢಣ್ ಢಣ್. ಊರಿನ ನಗುವೆಲ್ಲ ಅದರ ಕೆಳಗೆ ಮುಚ್ಚಿಹೋಯಿತು. ಉಸಿರು ಸಿಕ್ಕದೆ ನಿಲ್ಲಿಸುವನು, ಶಾಂತರಾಜುವಿನ ಮುಖ ನೋಡುವನು, ಮತ್ತೆ ಬಡಿಯುವನು.

ಅದು ನಿಲ್ಲುವ ತನಕ ಪುಟ್ಟಮಲ್ಲಪ್ಪ ಕೂಗದೆ ಕಾದ.