ಬಿಳಿ ಜರ್ಸಿಯವರು ಯಾಕೆ ಬೀಳುತ್ತಾರೆ

ಸೋತವರಿಗೆ ಕಾರಣ ಬೇಕಾಗುವುದಿಲ್ಲ, ನೆಪ ಇದ್ದರೆ ಸಾಕು. ನಮ್ಮ ತಂಡದವರ ಹತ್ತಿರ ನೆಪಗಳು ಚೀಲಗಟ್ಟಲೆ ಇದ್ದವು. ಬೂಟು ಜಾರುತ್ತದೆ, ರೆಫರಿಗೆ ಕಣ್ಣು ಕಾಣುವುದಿಲ್ಲ, ಎದುರಾಳಿಗಳು ಮನುಷ್ಯರೇ ಅಲ್ಲ, ಬುಲ್ಡೋಜರುಗಳು. ಕಾರಣ ಏನು ಅಂತ ಕೇಳಿದವಳು ನಾನೊಬ್ಬಳೇ. ನನ್ನ ಸ್ವಭಾವವೇ ಹಾಗೆ, ಒಂದು ವಿಷಯ ತಲೆಗೆ ಹೊಕ್ಕರೆ ಅದರ ಬುಡ ಮುಟ್ಟುವ ತನಕ ನನಗೂ ನಿದ್ದೆಯಿಲ್ಲ, ಪಕ್ಕದಲ್ಲಿರುವವರಿಗೂ ಇಲ್ಲ.

ನಾವು ಹಲ್ಲಿನ ಸೆಟ್ಟು ಮಾಡುವವರು. ದಂತವೈದ್ಯರು ರೋಗಿಯ ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ. ಅದಕ್ಕೆ ಪ್ಲಾಸ್ಟರ್ ಸುರಿದು ದವಡೆಯ ಪ್ರತಿ ತೆಗೆಯುವುದು ನನ್ನ ಕೆಲಸ. ಆ ದವಡೆಯ ಮೇಲೆ ಮೇಣದಲ್ಲಿ ಹಲ್ಲು ಕೆತ್ತುವುದು ನನ್ನ ತಮ್ಮನ ಕೆಲಸ. ಎರಡನೇ ಮಹಡಿಯಲ್ಲಿ ಮೂರು ಕೋಣೆ, ಹದಿನಾರು ಜನ. ಅದರಲ್ಲಿ ಹನ್ನೊಂದು ಮಂದಿ ಗಂಡಸರು ಭಾನುವಾರ ಫುಟ್ಬಾಲ್ ಆಡುತ್ತಾರೆ, ಉಳಿದವರು ಸೋಮವಾರ ಅವರನ್ನು ಆಡಿಕೊಳ್ಳುತ್ತಾರೆ. ಮಾಲೀಕರು ಜರ್ಸಿ ಹೊಲಿಸಿಕೊಡುವಾಗ ಹಲ್ಲಿನವರಿಗೆ ಹಲ್ಲಿನ ಬಣ್ಣವೇ ಇರಲಿ ಅಂತ ಬಿಳಿ ಬಟ್ಟೆ ಆರಿಸಿದರು. ಕೆಸರಿನ ಮೈದಾನಕ್ಕೆ ಬಿಳಿ! ಒಗೆಯುವವರನ್ನು ಅವರು ಒಂದು ಮಾತೂ ಕೇಳಲಿಲ್ಲ.

ನಮ್ಮ ಲೀಗಿನಲ್ಲಿ ಹತ್ತು ತಂಡ, ಎಲ್ಲವೂ ಕೆಲಸಗಾರರದ್ದೇ. ಗೋದಾಮಿನ ಹಮಾಲಿಗಳು, ಬಸ್ ಡಿಪೋದ ಮೆಕ್ಯಾನಿಕ್ಕುಗಳು, ಐಸ್ ಫ್ಯಾಕ್ಟರಿಯವರು, ಹೀಗೆ. ನಾವು ಬಿಟ್ಟರೆ ಮಿಕ್ಕವರೆಲ್ಲ ಭಾರ ಎತ್ತಿ ಬೆಳೆದ ಮೈಯವರು. ಅವರಿಗೆ ಚೆಂಡು ಎಷ್ಟು ಮುಖ್ಯವೋ ಚೆಂಡಿನ ಹತ್ತಿರ ನಿಂತವನ ಪಕ್ಕೆಲುಬೂ ಅಷ್ಟೇ ಮುಖ್ಯ. ಆದರೂ ಹೋದ ವರ್ಷ ಇವರ ನಡುವೆಯೇ ನಾವು ಮೂರು ಆಟ ಗೆದ್ದಿದ್ದೆವು. ಈ ವರ್ಷ ಅದೇ ಹನ್ನೊಂದು ಜನ, ಅದೇ ಎದುರಾಳಿಗಳು, ಎಂಟು ಆಟದಲ್ಲಿ ಎಂಟೂ ಸೋಲು. ಉಳಿದದ್ದು ಒಂದೇ ಆಟ, ಅದೂ ಹಮಾಲಿಗಳ ಮೇಲೆ. ಒಂದು ಪಾಯಿಂಟೂ ಗಳಿಸದ ತಂಡವನ್ನು ಮುಂದಿನ ವರ್ಷ ಲೀಗಿಗೆ ಕರೆಯುವುದಿಲ್ಲ ಎಂಬ ನಿಯಮ ಇತ್ತು. ಕನಿಷ್ಠ ಡ್ರಾ ಆದರೂ ಆಗಬೇಕಿತ್ತು.

ನನ್ನ ತಮ್ಮ ಕ್ಯಾಪ್ಟನ್. ಅವನಿಗೆ ಸಿನಿಮಾ ಬೇಡ, ಸ್ನೇಹಿತರ ಹರಟೆ ಬೇಡ. ಆರು ದಿನ ದೀಪದ ಕೆಳಗೆ ಬೆನ್ನು ಬಗ್ಗಿಸಿ ಯಾರದೋ ಬಾಯಿಗೆ ಹಲ್ಲು ಕೆತ್ತುತ್ತಾನೆ, ಏಳನೇ ದಿನ ಓಡುತ್ತಾನೆ. ಅದೂ ಹೋದರೆ ಇವನು ಏನಾಗಿ ಉಳಿಯುತ್ತಾನೆ ಅಂತ ನನಗೆ ಭಯವಿತ್ತು.

ಇನ್ನೊಂದು ಭಯವೂ ಇತ್ತು. ಹೋದ ವರ್ಷದ ಕೊನೆಯ ಆಟದಲ್ಲಿ ಹಮಾಲಿಗಳ ಮೇಸ್ತ್ರಿ ಅವನ ಬಲಗೈ ಮೇಲೆ ಬಿದ್ದಿದ್ದ. ಆ ಮೇಸ್ತ್ರಿಯ ಮೈಕಟ್ಟು ನೋಡಿ ಎಲ್ಲರೂ ಅವನನ್ನು ಬೀರು ಎಂದೇ ಕರೆಯುತ್ತಾರೆ. ಬೀರು ಬಿದ್ದರೆ ಬೆರಳು ಉಳಿಯುತ್ತದೆಯೇ? ತೋರುಬೆರಳು ಮುರಿಯಿತು. ಮೂರು ತಿಂಗಳು ತಮ್ಮ ಪಟ್ಟಿ ಸುತ್ತಿಕೊಂಡು ಕಿಟಕಿ ಪಕ್ಕದಲ್ಲಿ ಕೂತ. ಕೆತ್ತುವವನಿಗೆ ಬೆರಳೇ ಬಾಳು. ಆ ಮೂರು ತಿಂಗಳು ಅವನ ಶರ್ಟಿನ ಗುಂಡಿ ಹಾಕಿದವಳು ನಾನು. ಈ ವರ್ಷ ಒಂದು ಆಟವನ್ನೂ ತಪ್ಪಿಸದೆ ಗೆರೆಯ ಪಕ್ಕದಲ್ಲಿ ನಿಂತು, ಯಾರಾದರೂ ದಾಂಡಿಗ ನಮ್ಮವರ ಹತ್ತಿರ ಬಂದರೆ ಸಾಕು, "ಕೈ! ಕೈ ಜೋಪಾನ!" ಅಂತ ಗಂಟಲು ಹರಿದುಕೊಳ್ಳುತ್ತಿದ್ದೆ. ನನ್ನ ಗಂಟಲು ಸಣ್ಣದಲ್ಲ.

ಎಂಟನೇ ಸೋಲಿನ ದಿನ ಜರ್ಸಿ ಒಗೆಯುವ ಸರದಿ ನನ್ನದಾಗಿತ್ತು. ಸಾಮಾನ್ಯವಾಗಿ ಅವನ್ನು ಮೂಗು ಮುಚ್ಚಿಕೊಂಡು ಬಕೆಟ್ಟಿಗೆ ತುರುಕಿಬಿಡುತ್ತೇನೆ. ಆವತ್ತು ನೋಡಿದರೆ ನಲ್ಲಿಯಲ್ಲಿ ನೀರಿಲ್ಲ. ಹಾಗೇ ಮುದುಡಿಟ್ಟರೆ ನಾರುತ್ತವೆ ಅಂತ ಪ್ಲಾಸ್ಟರ್ ಕೋಣೆಯಲ್ಲಿ ಹಗ್ಗ ಕಟ್ಟಿ ಕೆಸರಿನ ಸಮೇತ ತೂಗುಹಾಕಿದೆ.

ಬೆಳಗ್ಗೆ ಬಾಗಿಲು ತೆರೆದಾಗ ಕೆಸರು ಒಣಗಿ ಕಂದುಬಣ್ಣಕ್ಕೆ ತಿರುಗಿತ್ತು. ನಮ್ಮ ಕೆಲಸದಲ್ಲಿ ಒಂದು ಪದ್ಧತಿ ಇದೆ. ಸೆಟ್ಟು ತಯಾರಾದ ಮೇಲೆ ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ನಡುವೆ ನೀಲಿ ಕಾಗದ ಇಟ್ಟು ಕಚ್ಚಿಸುತ್ತೇವೆ. ಎಲ್ಲಿ ನೀಲಿ ಹತ್ತಿತೋ ಅಲ್ಲಿ ತಾಗುತ್ತದೆ, ಎಲ್ಲಿ ಹತ್ತಲಿಲ್ಲವೋ ಅಲ್ಲಿ ತಾಗುವುದಿಲ್ಲ. ಊಹೆಗೆ ಜಾಗವಿಲ್ಲ. ಇಪ್ಪತ್ತು ವರ್ಷ ಹೀಗೆ ಗುರುತು ಓದಿದ ಕಣ್ಣು ಜರ್ಸಿಗಳ ಮುಂದೆ ತಾನಾಗಿಯೇ ನಿಂತಿತು.

ಭುಜದ ಮೇಲೆ ಕೆಸರು, ಬೆನ್ನಿಗೆ ಕೆಸರು, ಹೊಟ್ಟೆಗೂ ಕೆಸರು. ಆದರೆ ಎದೆಯ ನಡುವೆ, ಕುತ್ತಿಗೆಯಿಂದ ಒಂದು ಗೇಣು ಕೆಳಗೆ, ಅಂಗೈಯಗಲದ ಜಾಗ ಅಚ್ಚ ಬಿಳಿ. ಒಂದರಲ್ಲಲ್ಲ, ಹತ್ತು ಜರ್ಸಿಯಲ್ಲೂ. ಹನ್ನೊಂದನೆಯದು ಮಾತ್ರ ಪೂರ್ತಿ ಕೊಳಕು. ಅದು ಗೋಲ್‌ಕೀಪರನದು. ಅವನನ್ನು ಗೇಟು ಅಂತ ಕರೆಯುತ್ತೇವೆ, ಯಾವಾಗಲೂ ತೆರೆದೇ ಇರುತ್ತಾನೆಂದು. ನಮ್ಮಲ್ಲಿ ಪಾರ್ಸೆಲ್ ಕಟ್ಟುವವನು ಅವನು, ಕೆತ್ತುವವನಲ್ಲ.

ನಾನು ಪ್ಲಾಸ್ಟರ್ ಕಲಸುವುದನ್ನೂ ಮರೆತು ಅಲ್ಲೇ ನಿಂತೆ. ಮುಖಾಡೆ ಬಿದ್ದವನ ಎದೆಗೆ ಕೆಸರು ಹತ್ತುವುದಿಲ್ಲ ಎಂದರೆ ಏನರ್ಥ? ಆ ಜಾಗವನ್ನು ಏನೋ ಮುಚ್ಚಿಕೊಂಡಿತ್ತು. ನನ್ನ ಎರಡೂ ಮುಷ್ಟಿಯನ್ನು ಎದೆಗೆ ಒತ್ತಿ ನೋಡಿದೆ. ಸರಿಯಾಗಿ ಕೂತಿತು. ಇವರೆಲ್ಲ ಕೈ ಮಡಚಿ ಎದೆಗೆ ಅವುಚಿಕೊಂಡು ಬೀಳುತ್ತಿದ್ದರು.

ಅಷ್ಟರಲ್ಲಿ ಮೇಣ ಕಾಯಿಸುವವನು ಬಂದ. ಯಾರ ಜೊತೆ ಮಾತಿಗೆ ಕೂತರೂ ಏಳುವುದಿಲ್ಲವಾದ್ದರಿಂದ ಅವನ ಹೆಸರು ಅಂಟು. ತಂಡದ ಫಾರ್ವರ್ಡು.

"ಇಲ್ಲಿ ನಿಂತ್ಕೋ. ಕೈ ಎದೆಗಿಟ್ಕೋ," ಎಂದೆ.

"ಯಾಕಕ್ಕಾ, ಪ್ರಾರ್ಥನೆನಾ?"

"ಬಾಯ್ಮುಚ್ಕೊಂಡು ಇಟ್ಕೋ."

ಇಟ್ಟುಕೊಂಡ. ಭುಜಕ್ಕೆ ಒಂದು ತಳ್ಳು ತಳ್ಳಿದೆ. ಪ್ಲಾಸ್ಟರ್ ಮೂಟೆಯ ಮೇಲೆ ದಬಕ್ಕೆಂದು ಬಿದ್ದ. ಎಬ್ಬಿಸಿ, ಕೈ ಸಡಿಲ ಬಿಟ್ಟು ನಿಲ್ಲು ಎಂದೆ. ಅಷ್ಟೇ ಜೋರಾಗಿ ತಳ್ಳಿದೆ. ಒಂದು ಹೆಜ್ಜೆ ತೂರಾಡಿದ, ಕೈ ಬೀಸಿ ಸಂಭಾಳಿಸಿಕೊಂಡ. ಮೂರನೇ ಸಲ ತಳ್ಳುವ ಹೊತ್ತಿಗೆ ಬಾಗಿಲಲ್ಲಿ ಮಾಲೀಕರು ನಿಂತಿದ್ದರು. ಇಬ್ಬರಿಗೂ ಚೆನ್ನಾಗಿ ಮಂಗಳಾರತಿಯಾಯಿತು. ಆಗಲಿ. ಕೈ ಕಟ್ಟಿಕೊಂಡವನು ಬೀಳುತ್ತಾನೆ ಎಂದು ಗೊತ್ತಾಯಿತು. ಆದರೆ ಹೋದ ವರ್ಷ ಇಲ್ಲದ ಈ ಚಾಳಿ ಈ ವರ್ಷ ಹತ್ತು ಜನಕ್ಕೂ ಒಟ್ಟಿಗೆ ಹೇಗೆ ಹತ್ತಿತು? ಆ ಪ್ರಶ್ನೆ ತಲೆಯಲ್ಲಿ ಹುಳದಂತೆ ಕೊರೆಯತೊಡಗಿತು.

ಬುಧವಾರ ಊಟದ ಬಿಡುವಿನಲ್ಲಿ ನೇರ ಗೋದಾಮಿಗೆ ಹೋದೆ. ಭಾರ ಹೊರುವವರು ಹೇಗೆ ನಿಲ್ಲುತ್ತಾರೆ, ಕೈ ಎಲ್ಲಿಡುತ್ತಾರೆ ಅಂತ ನೋಡಬೇಕಿತ್ತು. ಬೀರುವಿಗೆ ನಾಲ್ಕು ಮಾತು ಬೈಯುವುದೂ ಬಾಕಿ ಇತ್ತು. ಲಾರಿಯಿಂದ ಗೋದಾಮಿಗೆ ಒಂದು ಹಲಗೆ ಹಾಕಿದ್ದರು. ಅದರ ಮೇಲೆ ಹಮಾಲಿಗಳು ಬೆನ್ನ ಮೇಲೆ ಮೂಟೆ ಹೊತ್ತು ನಡೆಯುತ್ತಿದ್ದರು. ಒಂದು ಕೈ ಮೂಟೆಯ ಕಿವಿ ಹಿಡಿದಿದ್ದರೆ ಇನ್ನೊಂದು ಕೈ ಮೈಯಿಂದ ದೂರ ಚಾಚಿಕೊಂಡು ಗಾಳಿಯಲ್ಲಿ ಆಡುತ್ತಿತ್ತು. ಹಲಗೆ ತೂಗಿದರೂ ಅವರು ಅಲ್ಲಾಡುತ್ತಿರಲಿಲ್ಲ.

ಬೀರು ಮೂಟೆ ಇಳಿಸಿ, ತಲೆಗೆ ಕಟ್ಟಿದ್ದ ವಸ್ತ್ರದಿಂದ ಮುಖ ಒರೆಸಿಕೊಂಡು ಬಂದ.

"ಬನ್ನಿ ಅಕ್ಕಾ. ತಮ್ಮನ ಬೆರಳು ಹೇಗಿದೆ?"

ಬೈಯಲು ಬಂದವಳಿಗೆ ಇವನು ಮೊದಲೇ ಕುಶಲ ಕೇಳಿಬಿಟ್ಟರೆ ಏನು ಮಾಡುವುದು? ಆದರೂ ಬಿಡಲಿಲ್ಲ.

"ಬೆರಳು ಮುರಿದವರೇ ಕೇಳ್ತೀರಲ್ಲ! ನಮ್ಮ ಹುಡುಗರನ್ನ ಹಾಗೆ ತಳ್ಳಿ ತಳ್ಳಿ ಬೀಳಿಸ್ತೀರಲ್ಲ, ನಿಮಗೆಲ್ಲ ಆಟ ಅಂದ್ರೆ ಇಷ್ಟೇನಾ?"

ಅವನು ಸಂಕೋಚದಿಂದ ತಲೆ ಕೆರೆದುಕೊಂಡ.

"ಹೋದ ವರ್ಷದ್ದು ತಪ್ಪಾಯ್ತು ಅಕ್ಕಾ, ಬೇಕು ಅಂತ ಬಿದ್ದಿದ್ದಲ್ಲ. ಆದ್ರೆ ಈ ವರ್ಷ ನಿಮ್ಮ ಮೂರು ಆಟ ನೋಡಿದೀನಿ. ಹೇಳಿದ್ರೆ ಬೇಜಾರು ಮಾಡ್ಕೋಬೇಡಿ. ನಿಮ್ಮವರನ್ನ ಯಾರೂ ತಳ್ತಾನೇ ಇಲ್ಲ."

"ಮತ್ತೆ ಸುಮ್ಸುಮ್ನೆ ಬೀಳ್ತಾರಾ?"

"ನೀವು ಕೂಗ್ತೀರಿ, ಅವರು ಬೀಳ್ತಾರೆ. ಡಿಪೋದವರಿಗೂ ಗೊತ್ತು, ಐಸ್ ಫ್ಯಾಕ್ಟರಿಯವರಿಗೂ ಗೊತ್ತು. ಹತ್ರ ಹೋಗಿ ನಿಂತ್ರೆ ಸಾಕು, ಉಳಿದದ್ದು ಅಕ್ಕ ನೋಡ್ಕೋತಾರೆ ಅಂತ ಮಾತಾಡ್ಕೋತಾರೆ."

ಸುಳ್ಳು ಎನ್ನಲು ಬಾಯಿ ತೆರೆದೆ, ಆದರೆ ಹಗ್ಗದ ಮೇಲಿನ ಹತ್ತು ಜರ್ಸಿ ಕಣ್ಣ ಮುಂದೆ ಬಂದವು. ಕೀಪರ್ ನಿಲ್ಲುವ ಜಾಗ ದೂರ, ನಾನು ಅವನಿಗಾಗಿ ಒಂದು ದಿನವೂ ಕೂಗಿದವಳಲ್ಲ. ಉಳಿದವರೆಲ್ಲ ಮೇಣ, ಉಳಿ, ಬ್ರಷ್ಷು ಹಿಡಿಯುವವರು. ತಮ್ಮನ ಬೆರಳಿಗಾದದ್ದನ್ನು ಕಣ್ಣಾರೆ ನೋಡಿದವರು. ನಾನು ಕೈ ಎಂದೊಡನೆ ಹತ್ತೂ ಜನ ತಮ್ಮ ತಮ್ಮ ಕೈಯನ್ನು ಮೈಯೊಳಗೆ ಎಳೆದುಕೊಳ್ಳುತ್ತಿದ್ದರು. ಎಂಟು ಆಟ ಸೋಲಿಸಿದ್ದು ಬುಲ್ಡೋಜರುಗಳಲ್ಲ, ನಾನು. ಅಳು ಬಂತು. ಬೀರುವಿನ ಮುಂದೆ ಅಳಬಾರದೆಂದು ನೀರು ಕೇಳಿ ಕುಡಿದು ಬಂದೆ.

ಸಂಜೆ ತಮ್ಮನಿಗೆ ಎಲ್ಲ ಹೇಳಿದೆ. ಅವನು ಅಡುಗೆಮನೆಯ ಕಟ್ಟೆಗೆ ಒರಗಿ ತಟ್ಟೆ ಒರೆಸುತ್ತಿದ್ದ.

"ಈ ಭಾನುವಾರ ನಾನು ಬರಲ್ಲ ಕಣೋ. ನಾನಿಲ್ದೆ ಆಡಿ," ಎಂದೆ.

"ನೀನು ಬರಲೇಬೇಕು."

"ಬಂದ್ರೆ ಕೂಗ್ತೀನಿ. ನನ್ನ ಬಾಯಿ ನನ್ನ ಮಾತು ಕೇಳಲ್ಲ."

ತಮ್ಮ ಒರೆಸಿದ ತಟ್ಟೆಯನ್ನೇ ಮತ್ತೆ ಒರೆಸಿದ.

"ಅಕ್ಕಾ, ನನಗೆ ಮೊದಲ್ನೇ ಆಟದಿಂದಾನೂ ಗೊತ್ತಿತ್ತು."

"ಏನು ಗೊತ್ತಿತ್ತು?"

"ನೀನು ಕೂಗಿದಾಗ ಬೀಳ್ತಿದೀವಿ ಅಂತ."

"ಮತ್ತೆ ಹೇಳಬಾರದಾಗಿತ್ತಾ, ಪುಣ್ಯಾತ್ಮ!"

"ಹೇಗೆ ಹೇಳ್ಲಿ? ಬೀರು ಥರದವನು ಎದುರಿಗೆ ಬಂದ್ರೆ ನನಗೆ ಜೀವಾನೇ ಹೋಗತ್ತೆ. ಬೆರಳು ಮುರಿದಾಗ ಲಟಕ್ ಅಂದಿದ್ದು ಇನ್ನೂ ಕಿವೀಲಿದೆ. ನೀನು ಕೂಗಿದ್ರೆ, ಅಕ್ಕ ಹೇಳಿದ್ಲು, ಅದಕ್ಕೆ ಕೈ ಎಳ್ಕೊಂಡೆ ಅಂತ ಆಗತ್ತೆ. ನೀನು ಕೂಗದೆ ಇದ್ರೆ, ನಾನೇ ಹೆದರಿದೆ ಅಂತ ಆಗತ್ತೆ."

ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಮೀಸೆ ಬಂದ ಗಂಡಸು ಹೆದರಿಕೆಯನ್ನು ಇಷ್ಟು ನೆಟ್ಟಗೆ ಒಪ್ಪಿಕೊಂಡದ್ದನ್ನು ನಾನು ನೋಡಿದ್ದೇ ಅದು ಮೊದಲು.

"ಬಾ," ಎಂದ. "ನೀನು ಬರ್ದೆ ಇದ್ರೆ ಅದೂ ಒಂದು ನೆಪ ಆಗತ್ತೆ. ಆದ್ರೆ ಬಾಯಿ ಮುಚ್ಕೊಂಡಿರು. ಏನಾದ್ರೂ ಸರಿ."

ಮಿಕ್ಕ ಮೂರು ದಿನ ಕೆಲಸ ಮುಗಿದ ಮೇಲೆ ಕಾರಿಡಾರಿನಲ್ಲಿ ಅಭ್ಯಾಸ ನಡೆಯಿತು. ಚೆಂಡಿಲ್ಲ, ಓಟವಿಲ್ಲ. ಕೈ ಚಾಚಿ ನಿಲ್ಲುವುದು, ಭುಜಕ್ಕೆ ಭುಜ ಕೊಡುವುದು. ತಳ್ಳುವ ಕೆಲಸ ಗೇಟುವಿನದು. ವರ್ಷವಿಡೀ ಗೋಲು ಬಿಟ್ಟು ಬೈಸಿಕೊಂಡ ಸಿಟ್ಟನ್ನೆಲ್ಲ ಅವನು ಆ ಮೂರು ದಿನದಲ್ಲಿ ತೀರಿಸಿಕೊಂಡ.

ಭಾನುವಾರ ಮೈದಾನ ಒದ್ದೆಯಾಗಿತ್ತು. ಮೊದಲರ್ಧದಲ್ಲೇ ಹಮಾಲಿಗಳು ಒಂದು ಗೋಲು ಹೊಡೆದರು. ಆದರೆ ನಮ್ಮವರು ಬೀಳುತ್ತಿರಲಿಲ್ಲ. ತೂರಾಡುತ್ತಿದ್ದರು, ಜಾರುತ್ತಿದ್ದರು, ಕೈ ಬೀಸಿ ಮತ್ತೆ ನಿಲ್ಲುತ್ತಿದ್ದರು. ಹಮಾಲಿಗಳಿಗೆ ಮೊದಮೊದಲು ನಗು, ಆಮೇಲೆ ಗಲಿಬಿಲಿ. ಇಬ್ಬರು ಆಡುವುದು ಬಿಟ್ಟು ಹುಷಾರಿಲ್ಲವೇ ಎಂಬಂತೆ ನನ್ನ ಕಡೆ ತಿರುಗಿ ನೋಡಿದರು. ನಾನು ಸೆರಗನ್ನು ಉಂಡೆಮಾಡಿ ಬಾಯಿಗೆ ಒತ್ತಿಕೊಂಡಿದ್ದೆ. ಹತ್ತು ನಿಮಿಷ ಉಳಿದಿರುವಾಗ ಗೋಲಿನ ಮುಂದಿನ ಗುಂಪಿನಲ್ಲಿ ಅಂಟು ಕದಲದೆ ನಿಂತ. ಚೆಂಡು ಅವನ ಮೊಣಕಾಲಿಗೆ ಬಡಿದು ಒಳಗೆ ಹೋಯಿತು. ಒಂದಕ್ಕೊಂದು ಸಮ. ಹೀಗೇ ಮುಗಿದರೆ ನಾವು ಉಳಿದೆವು.

ಕೊನೆಯ ನಿಮಿಷದಲ್ಲಿ ಬೀರುವಿಗೆ ಚೆಂಡು ಸಿಕ್ಕಿತು. ಮುಂದೆ ಗೇಟು, ನಡುವೆ ನನ್ನ ತಮ್ಮ ಒಬ್ಬನೇ. ಬೀರು ತಲೆ ತಗ್ಗಿಸಿ ಓಡಿ ಬಂದ. ತಮ್ಮ ಕೈ ಅಗಲಿಸಿ ಅವನ ಭುಜಕ್ಕೆ ಭುಜ ಕೊಟ್ಟ. ಆ ಸದ್ದು ಗೆರೆಯ ತನಕ ಕೇಳಿಸಿತು. ಚೆಂಡು ನಾಲ್ಕು ಮಾರು ಆಚೆ ಸಿಡಿಯಿತು, ಇಬ್ಬರೂ ಉರುಳಿದರು. ಬಿದ್ದಾಗ ತಮ್ಮನ ಬಲಗೈ ಮುಂದಕ್ಕೆ ಚಾಚಿತ್ತು. ಬೀರುವಿನ ತೊಡೆ ಅದರ ಮೇಲಿತ್ತು.

ರೆಫರಿ ಸೀಟಿ ಊದಲಿಲ್ಲ. ಆಟ ನಡೆಯುತ್ತಲೇ ಇತ್ತು. ನನ್ನ ಎದೆಯೊಳಗಿನಿಂದ ಕೂಗು ಗಂಟಲ ತನಕ ಬಂದುಬಿಟ್ಟಿತ್ತು. ಅದನ್ನು ನುಂಗಿದ್ದು ಹೇಗೆ ಅಂತ ಕೇಳಿದರೆ ನನಗೆ ಇವತ್ತಿಗೂ ಗೊತ್ತಿಲ್ಲ. ಇಡೀ ಮೈದಾನದಲ್ಲಿ ನನ್ನ ತಮ್ಮನೊಬ್ಬನೇ ಇದ್ದ, ಕೆಸರಿನಲ್ಲಿ ಕೆನ್ನೆಯಿಟ್ಟು, ಅಲ್ಲಾಡದೆ. ಕಣ್ಣು ಮಾತ್ರ ನಾನಿದ್ದ ಕಡೆ ತಿರುಗಿತ್ತು.

ಬೀರು ಕಾಲೆಳೆದುಕೊಂಡು ಏಳತೊಡಗಿದ. ತಮ್ಮ ಅದೇ ಬಲಗೈಯನ್ನು ನೆಲಕ್ಕೆ ಊರಿದ. ಅದರ ಮೇಲೆ ಮೈಯ ಭಾರವನ್ನೆಲ್ಲ ಹಾಕಿ ಎದ್ದ, ಬೀರುವಿಗಿಂತ ಒಂದು ಹೆಜ್ಜೆ ಮೊದಲು ಚೆಂಡು ಮುಟ್ಟಿದ, ಮೈದಾನದ ಆಚೆಗೆ ಒದ್ದ. ಆಮೇಲೆ ಸೀಟಿ ಕೇಳಿಸಿತು.

ಎಲ್ಲರೂ ಅಂಟುವನ್ನು ಹೊತ್ತು ಕುಣಿಯುತ್ತಿದ್ದರು. ತಮ್ಮ ಗೆರೆ ದಾಟಿ ನನ್ನ ಹತ್ತಿರ ಬಂದ. ನಾನು ಅವನ ಕೈ ಎಳೆದುಕೊಂಡು ಒಂದೊಂದೇ ಬೆರಳನ್ನು ಮಡಚಿ ಬಿಡಿಸಿ ನೋಡಿದೆ. ಕಿರುಬೆರಳು ಊದುತ್ತಿತ್ತು, ಮುರಿದಿರಲಿಲ್ಲ.

"ನೋವಾ?" ಎಂದೆ. ಪಿಸುಮಾತೇ ಬಂತು.

"ಹೂಂ." ಉಸಿರು ಸಿಗಲು ಅವನಿಗೆ ಸ್ವಲ್ಪ ಹೊತ್ತು ಬೇಕಾಯಿತು. "ಬಿದ್ದಲ್ಲೇ ನಿನ್ನ ಕೂಗಿಗೆ ಕಾದೆ ಅಕ್ಕಾ. ಕೂಗಿದ್ರೆ ಅಲ್ಲೇ ಮಲಗಿಬಿಡ್ತಿದ್ದೆ. ನೀನು ಕೂಗಲಿಲ್ಲ. ಇನ್ನೇನು ಮಾಡೋದು, ಎದ್ದೆ."

ನನಗೆ ಆನಂದವಾಯಿತು. ನನ್ನ ಕೂಗು ಇನ್ನು ಅವನಿಗೆ ಬೇಡವಲ್ಲ ಎಂದು ಸಣ್ಣ ಸಂಕಟವೂ ಆಯಿತು. ಅವನ ಕೈ ಇನ್ನೂ ನನ್ನ ಕೈಯಲ್ಲೇ ಇತ್ತು. ಅಷ್ಟರಲ್ಲಿ ಹುಡುಗರು ಅವನನ್ನು ಕರೆದರು, ನಾನು ಬಿಟ್ಟೆ.