ಮೂಡಲಕ್ಕೆ ಮುಖ ಮಾಡಿದ ಯಂತ್ರ

ನಮ್ಮ ಮನೆಯವರು ಕೊಂಡುತಂದ ಹಳೇ ಟ್ರ್ಯಾಕ್ಟರಿಗೆ ಮುಂದೊಂದು ಕಬ್ಬಿಣದ ಬುಟ್ಟಿ, ಹಿಂದೊಂದು ಮಣ್ಣು ಅಗೆಯುವ ಕೈ. ತೊಂಬತ್ತೆಂಟರಲ್ಲಿ ನಮ್ಮ ಸುರೇಬಾನದಲ್ಲಿ ಅಂಥದ್ದು ಇನ್ನೊಂದಿರಲಿಲ್ಲ. ಇದ್ದಿದ್ದರೆ ಇವರು ಕೊಳ್ಳುತ್ತಲೂ ಇರಲಿಲ್ಲ. ಬೇರೆಯವರ ಹತ್ತಿರ ಇಲ್ಲದ್ದು ತಮ್ಮ ಅಂಗಳದಲ್ಲಿ ನಿಂತಿರಬೇಕು, ಹೋಗಿ ಬರುವವರು ನೋಡಬೇಕು, ಇವರ ಹಂಬಲ ಅಷ್ಟೇ. ಅದು ಕೆಲಸವನ್ನೂ ಮಾಡುತ್ತಿದ್ದದ್ದು ಯಂತ್ರದ ದೊಡ್ಡ ಗುಣ, ಇವರದಲ್ಲ.

ಅದೇ ಅಂಗಳದ ಮೂಡಲ ಬದಿಗೆ ನನ್ನದೊಂದು ಕೋಣೆ ಇತ್ತು. ಮೊದಲು ನಾನು ಹೊಲಿಗೆ ಮಷೀನು ಇಟ್ಟುಕೊಳ್ಳಲು ಪಡಸಾಲೆಯ ಒಂದು ಮೂಲೆ ಕೇಳಿದ್ದೆ.

"ಗಂಡಸ್ರು ಕೂಡೂ ಜಾಗಾದಾಗ ಕುಬಸಾ ಹೊಲಿತಿಯೇನ?" ಎಂದು ಇವರು ನಕ್ಕಿದ್ದರು.

ಕೂರುವ ಗಂಡಸರೆಂದರೆ ಯಾರು? ಪಕ್ಕದ ಮನೆಯ ಲಕ್ಕಪ್ಪ, ಅವನ ಎಲೆ ಅಡಿಕೆ ಚೀಲ, ಇಬ್ಬರ ನಡುವೆ ಇಸ್ಪೀಟು. ಕೊನೆಗೆ ತವರಿನಿಂದ ಅಣ್ಣನನ್ನು ಕರೆಸಿ, ಕಲ್ಲು ಮಣ್ಣು ನಾನೇ ಹೊತ್ತು, ಆ ಕೋಣೆ ಎಬ್ಬಿಸಿದೆ. ಅಂಗಳದ ಕಡೆಗೆ ಕಿಟಕಿ ಇಟ್ಟೆ. ಹೆಂಗಸರು ಕುಬಸದ ಖಣ ಹಿಡಿದುಕೊಂಡು ಬರತೊಡಗಿದರು. ಆ ಮನೆಯಲ್ಲಿ ನನ್ನದು ಎನ್ನುವಂಥದ್ದು ಅದೊಂದೇ ಇತ್ತು.

ದಸರೆಯ ಖಂಡೆ ಪೂಜೆಯ ಮುಂಜಾನೆ ಇವರು ಯಂತ್ರವನ್ನು ಹೊಳೆಗೆ ಒಯ್ದು, ಎಮ್ಮೆ ತಿಕ್ಕಿದ ಹಾಗೆ ತಿಕ್ಕಿ ತೊಳೆದು, ನೀರು ಸೋರುತ್ತಿರುವಾಗಲೇ ತಂದು ಮೂಡಲಕ್ಕೆ ಮುಖ ಮಾಡಿ ನಿಲ್ಲಿಸಿದರು. ಅಂದರೆ ನನ್ನ ಕೋಣೆಗೆ ಮುಖ ಮಾಡಿ. ಪೂಜೆಗೆ ಮೂಡಲವೇ ಆಗಬೇಕಂತೆ. ಹ್ಯಾಂಡ್‌ಬ್ರೇಕನ್ನು ಎರಡೂ ಕೈಯಿಂದ ಜಗ್ಗಿ ಬಿಗಿದರು. ವಿಭೂತಿ ಬಳಿದು, ಚೆಂಡು ಹೂವಿನ ಮಾಲೆ ಹಾಕಿ, ಗಾಲಿಗಳ ಮುಂದೆ ನಿಂಬೆಹಣ್ಣು ಇಟ್ಟರು. ಮರುದಿನ ಬನ್ನಿ ಕೊಡುವತನಕ ಅಲುಗಾಡಿಸುವಂತಿಲ್ಲ ಎಂದರು. ಬನ್ನಿ ಮುಗಿಯಿತು, ಮಳೆ ಮುಗಿಯಲಿಲ್ಲ. ಮಳೆಯಲ್ಲಿ ಮೊದಲ ಹೆಜ್ಜೆ ಬೇಡ ಎಂದು ಇನ್ನೂ ಕೆಲವು ದಿನ ನಿಲ್ಲಿಸಿದರು. ತೊಯ್ದ ಕಬ್ಬಿಣ ಇವರ ಶಾಸ್ತ್ರ ಕೇಳುತ್ತದೆಯೇ? ಬ್ರೇಕು ಗಾಲಿಯೊಳಗಿನ ಡ್ರಮ್ಮಿಗೆ ಕಚ್ಚಿಕೊಂಡು ತುಕ್ಕು ಹಿಡಿದು ಕೂತಿತು.

ಮುನವಳ್ಳಿಯ ಕಡೆಯಿಂದ ಕಾಲುವೆ ಅಗೆಯಲು ಕರೆ ಬಂದಾಗ ಇವರಿಗೆ ಎಚ್ಚರವಾಯಿತು. ಹ್ಯಾಂಡ್‌ಬ್ರೇಕ್ ಇಳಿಸಿದರು, ಎಂಜಿನ್ನು ಹೊಗೆ ಕಾರಿತು, ಗಾಲಿ ತಿರುಗಲಿಲ್ಲ. ಲಕ್ಕಪ್ಪ ಬಂದು ಗಾಲಿಗೆ ಒದ್ದ. ಆಮೇಲೆ ಸೀಮೆಎಣ್ಣೆ ಸುರಿದ. ಆಮೇಲೆ ಮತ್ತೆ ಒದ್ದ. ಅವನ ವಿದ್ಯೆ ಅಲ್ಲಿಗೆ ಮುಗಿಯಿತು.

ರಾಮದುರ್ಗದಿಂದ ಮಿಸ್ತ್ರಿ ಹಜರತಸಾಬನನ್ನು ಕರೆಸಿದರು. ಅವನು ಗಾಲಿಯ ಹಿಂದೆ ಬಗ್ಗಿ ನೋಡಿ, "ಗಾಲಿ ಬಿಚ್ಚಿ ಡ್ರಮ್ ತಗದು ನೋಡಬೇಕ್ರಿ ಸಾವ್ಕಾರ್ರ" ಎಂದ.

"ಪೂಜಿ ಮಾಡಿದ ಗಾಲಿಗೆ ಸುತ್ತಗಿ ಹಚ್ಚತೀಯಾ? ಇನ್ನೂ ನಿಂಬಿಹಣ್ಣ ಒಡದಿಲ್ಲ."

"ಹಂಗಾರ ರಿವರ್ಸ್ ಹಾಕಿ ಒಂದೀಟು ಜಗ್ಗೂಣ್ರಿ. ಹಿಂದ ದಾರಿ ಖುಲ್ಲಾ ಐತಿ."

"ಪೂಜಿ ಆದಮ್ಯಾಲೆ ಮೊದಲನೇ ಹೆಜ್ಜಿ ಹಿಂದಕ್ಕ? ನಮ್ಮಪ್ಪ ಎತ್ತಿನ ಚಕ್ಕಡಿನೂ ಹಿಂದ ಸರಿಸಿದಾಂವ ಅಲ್ಲ. ಮುಂದನ ಹೊಡಿತೇನಿ."

ಹಜರತಸಾಬ ನನ್ನ ಕೋಣೆಯನ್ನು ನೋಡಿದ, ನನ್ನನ್ನು ನೋಡಿದ, ಆಮೇಲೆ ಇವರನ್ನು ನೋಡಿ, "ಆತ್ರಿ, ನೀವು ಅಂದಂಗ" ಎಂದ. ಗೊತ್ತಿದ್ದೂ ಬಾಯಿ ಮುಚ್ಚಿಕೊಳ್ಳುವವರಿಗಿಂತ ಏನೂ ತಿಳಿಯದೆ ಗಾಲಿಗೆ ಒದೆಯುವ ಲಕ್ಕಪ್ಪನೇ ಮೇಲು.

ನಾನು ತಡೆಯಲಾರದೆ ಅಂಗಳಕ್ಕಿಳಿದೆ.

"ಮುಂದ ನನ್ನ ಖೋಲಿ ಐತ್ರಿ. ಬ್ರೇಕ್ ಬಿಟ್ಟಕೂಡ್ಲೆ ಜಿಗದ್ರ ಏನ್ ಹಿಡದ ನಿಂದರಸ್ತೀರಿ?"

"ನೀ ಕುಬಸಾ ಹೊಲಿ ಹೋಗ. ಬ್ರೇಕಿಂದು ನನಗ ಗೊತ್ತೈತಿ."

ಗೊತ್ತಿದ್ದದ್ದು ಎಷ್ಟೆಂದು ಇಡೀ ಅಂಗಳಕ್ಕೆ ಕಾಣುತ್ತಿತ್ತು. ಕುಬಸ ಒಯ್ಯಲು ಬಂದಿದ್ದ ಸೋಮವ್ವನನ್ನು ಕರೆದೆ. ಇಬ್ಬರೂ ಸೇರಿ ಹೊಲಿಗೆ ಮಷೀನನ್ನು ಕೋಣೆಯಿಂದ ಹೊರಗೆ ತಂದು, ಬೇರೆಲ್ಲೂ ನೆರಳಿಲ್ಲದ್ದಕ್ಕೆ ಪಡಸಾಲೆಯಲ್ಲಿ ಇಟ್ಟೆವು.

"ಅಪಶಕುನ ಮಾಡಬ್ಯಾಡ!" ಎಂದು ಇವರು ಸೀಟಿನ ಮೇಲಿಂದಲೇ ಗದರಿಸಿದರು. ನಾನು ಖಣದ ಗಂಟುಗಳನ್ನು ತರಲು ಮತ್ತೆ ಓಡಿದೆ.

ಗಂಟು ಹೊತ್ತು ಕೋಣೆಯ ಬಾಗಿಲು ದಾಟಿ ಪಡಸಾಲೆಯ ಮೆಟ್ಟಿಲು ಏರುವಷ್ಟರಲ್ಲಿ ಎಂಜಿನ್ನು ಅರಚಿತು. ಯಂತ್ರ ನಡುಗಿತು, ಮೂಗು ಎತ್ತಿತು, ಗಾಲಿಯೊಳಗೆ ಏನೋ ಫಟ್ಟೆಂದು ಹರಿಯಿತು. "ಬಿಡ್ತು! ಬಿಡ್ತು!" ಎಂದು ಲಕ್ಕಪ್ಪ ಚಪ್ಪಾಳೆ ತಟ್ಟಿದ. ಬಿಟ್ಟದ್ದು ನಿಜ. ಇವರು ಬ್ರೇಕಿನ ಪೆಡಲನ್ನು ತಳಮುಟ್ಟ ತುಳಿದರೂ ಅದು ನಿಲ್ಲಲಿಲ್ಲ. ನಿಂಬೆಹಣ್ಣು ಒಡೆದವು, ಕಿಟಕಿ ಒಡೆಯಿತು, ಇಡೀ ಗೋಡೆ ಬುಟ್ಟಿಯ ಮೇಲೆ ಕುಸಿದು ಎಂಜಿನ್ನು ತಾನಾಗಿ ಬಂದ್ ಆಯಿತು.

ನನಗೆ ಮೊದಲು ಅಳು ಬಂತು. ಇಂಥವರ ಎದುರು ಅಳಬೇಕಾಯಿತಲ್ಲ ಎಂದು ಆಮೇಲೆ ಸಿಟ್ಟು ಬಂತು.

ಇವರು ತಲೆಯ ಮೇಲಿನ ಮಣ್ಣು ಕೊಡವಿಕೊಂಡು ಇಳಿದರು. "ಬ್ರೇಕ್ ಅಂತೂ ಬಿಡ್ತೋ ಇಲ್ಲೋ?" ಎಂದರು. ಹಾಗೆ ಹೇಳಲು ಎಂಥ ಮುಖ ಬೇಕೋ!

"ಬ್ರೇಕಿನ ಲೈನಿಂಗನ ಹರದ ಬಂದೈತ್ರಿ, ಇನ್ನ ಅದು ಹಿಡಿಯೂದಿಲ್ರಿ. ಈಗ ಹಿಂದ ತಗೀಬೇಕ್ರಿ" ಎಂದು ಹಜರತಸಾಬ ನೆಲ ನೋಡುತ್ತ ಗೊಣಗಿದ.

"ಯಾಕ್ರಿ ಹಿಂದ?" ನಾನು ಕೇಳಿದೆ. "ಮುಂದನ ಹೋಗಲಿ. ಇನ್ನೊಂದ ಗೋಡಿ ಐತಿ. ಅದರಾಚಿ ಲಕ್ಕಪ್ಪಣ್ಣನ ಮನಿ ಐತಿ."

ಲಕ್ಕಪ್ಪನ ಚಪ್ಪಾಳೆ ನಿಂತುಹೋಯಿತು. "ಲೇ, ರಿವರ್ಸ್ ಹಾಕೋ ಮಾರಾಯಾ!" ಎಂದು ಕೂಗಿದವನು ಅವನೇ. ಇವರು ಸೀಟು ಹತ್ತಿ, ರಿವರ್ಸ್ ಹಾಕಿದರು. ಹಜರತಸಾಬ ಗಾಲಿಯ ಹಿಂದೆ ಕಲ್ಲು ಕೊಟ್ಟು ನಿಲ್ಲಿಸಿದ. ಅಪ್ಪನ ಚಕ್ಕಡಿಯ ಮಾತು ಯಾರೂ ಎತ್ತಲಿಲ್ಲ.

ಬ್ರೇಕು ರಿಪೇರಿಯಾಗಿ ಬರುವಷ್ಟರಲ್ಲಿ ಕಾಲುವೆ ಕೆಲಸ ಬೇರೆಯವರ ಪಾಲಾಗಿತ್ತು. ಯಂತ್ರ ಮತ್ತೆ ಅಂಗಳದ ಅಲಂಕಾರವಾಯಿತು. ಹೆಂಗಸರು ಈಗ ಪಡಸಾಲೆಗೇ ಬರುತ್ತಿದ್ದರು. ಮಷೀನಿನ ಸುತ್ತ ಅವರು ಕೂತರೆ ಇಸ್ಪೀಟಿಗೆ ಜಾಗವಿರಲಿಲ್ಲ. ಅದಕ್ಕೇ ಇವರಿಗೆ ನನ್ನ ಗೋಡೆಯ ಮೇಲೆ ಎಲ್ಲಿಲ್ಲದ ಕಾಳಜಿ ಹುಟ್ಟಿತು. ಗೋಡೆ ಕಟ್ಟುವ ಗೌಂಡಿ ಮುದಕಪ್ಪನನ್ನು ತಾವೇ ಹೋಗಿ ಕರೆತಂದರು.

"ಗೋಡಿ ಬ್ಯಾಡ್ರಿ, ಮುದಕಪ್ಪಣ್ಣ," ನಾನು ಮಷೀನು ತುಳಿಯುತ್ತಲೇ ಹೇಳಿದೆ. "ನನಗ ಇಲ್ಲೇ ಬೆಳಕ ಛಲೋ ಐತಿ."

"ಮತ್ತ ನಾವೆಲ್ಲಿ ಕೂಡೂಣು?" ಎಂದರು ಇವರು.

ನಾನು ಕತ್ತರಿ ಎತ್ತಿ ಅಂಗಳದ ಕಡೆ ತೋರಿಸಿದೆ.

ಅಂದಿನಿಂದ ಇವರೂ ಲಕ್ಕಪ್ಪನೂ ಆ ಮೂರು ಗೋಡೆಯ ಕೋಣೆಯಲ್ಲೇ ಕೂರುತ್ತಾರೆ. ಮಳೆ ಬಂದರೆ ಎರಚಲಿಗೆ ತೊಯ್ಯುತ್ತಲೇ ಇಸ್ಪೀಟು ಆಡುತ್ತಾರೆ.