ಟಪಾಲಕ್ಕ ಹಂಚಿದ ಸುದ್ದಿ

ಚಾದರದ ಎರಡು ಮೂಲೆ ಹಿಡಿದು ನಿಂತಿದ್ದ ಗುಬ್ಬಿಗೆ, ಆಚೆ ತುದಿ ಹಿಡಿದವಳ ಮುಖ ನೋಡುವ ಧೈರ್ಯವಾಗಲಿಲ್ಲ. ಹೋಟೆಲುಗಳ ಬಟ್ಟೆ ಒಗೆಯುವ ಆ ಲಾಂಡ್ರಿಯಲ್ಲಿ ಚಾದರ ಮಡಚುವುದು ಇಬ್ಬರ ಕೆಲಸ. ಎಳೆದು ಕೊಡವಬೇಕು, ಹತ್ತಿರ ಬಂದು ಮೂಲೆಗೆ ಮೂಲೆ ಕೂಡಿಸಬೇಕು, ಮತ್ತೆ ದೂರ ಸರಿಯಬೇಕು. ಯಂತ್ರಗಳ ಗದ್ದಲದಲ್ಲಿ ಮಾತು ಕೇಳಿಸುವುದು ಹತ್ತಿರ ಬಂದ ಆ ಒಂದು ಗಳಿಗೆ ಮಾತ್ರ. ಹೀಗಾಗಿ ಅಲ್ಲಿ ಸುದ್ದಿ ಚಾದರಕ್ಕೊಂದು ಕಂತಿನಂತೆ ಸಾಗುತ್ತಿತ್ತು.

ಎದುರಿಗಿದ್ದವಳು ಟಪಾಲಕ್ಕ. ಆ ಅಡ್ಡಹೆಸರು ಇಟ್ಟವರು ಜಿಪುಣರೇ ಇರಬೇಕು. ಟಪಾಲು ದಿನಕ್ಕೊಂದು ಸಲ ಬಂದರೆ ಹೆಚ್ಚು. ಅವಳ ಬಾಯಲ್ಲಿ ಎಳ್ಳು ನೆನೆಯುತ್ತಿರಲಿಲ್ಲ. ಬರೀ ಹೇಳುವವಳೂ ಅಲ್ಲ, ಆಡಿ ತೋರಿಸುವವಳು. ಮೇಲ್ವಿಚಾರಕರು ಬೈಯುವ ಮೊದಲು ಕೆಮ್ಮುವ ಕೆಮ್ಮು, ಮಾಲೀಕರ ಕೈಲಿ ಬೈಸಿಕೊಂಡ ಮೇಲೆ ಕೆಮ್ಮುವ ಕೆಮ್ಮು, ಎರಡನ್ನೂ ಬೇರೆ ಬೇರೆ ಕೆಮ್ಮುತ್ತಿದ್ದಳು.

ಅಂಥವಳ ಕಣ್ಣಿಗೇ ಗುಬ್ಬಿ ಬಿದ್ದಿದ್ದಳು. ನಿದ್ದೆಗೆಟ್ಟು, ಅತ್ತೂ ಅತ್ತೂ ಸೋತು, ಅಮ್ಮನಿಗೆ ಹುಷಾರಿಲ್ಲವೆಂದು ನೆಪ ಹೇಳಿ ರಜೆ ಹಾಕಿ ಮಾನಸಿಕ ಆಸ್ಪತ್ರೆ ಸೇರಿದ್ದಾಗ, ಅಲ್ಲಿ ಔಷಧಿ ಕಿಟಕಿಯ ಸಾಲಿನಲ್ಲಿದ್ದ ಟಪಾಲಕ್ಕ ತಿರುಗಿ ನೋಡಿದ್ದಳು. ಇಬ್ಬರೂ ಮಾತಾಡಿರಲಿಲ್ಲ. ತಲೆ ಕೆಟ್ಟವಳು ಎಂಬ ಹೆಸರು ಲಾಂಡ್ರಿಯಲ್ಲಿ ಒಮ್ಮೆ ಅಂಟಿದರೆ ಅದು ಯಾವ ಸೋಪಿಗೂ ಹೋಗುವ ಕಲೆಯಲ್ಲ. ಬಿಸಿ ಇಸ್ತ್ರಿಯ ಹತ್ತಿರ ಆಮೇಲೆ ಅವಳನ್ನು ಯಾರು ಬಿಟ್ಟಾರು?

ಆದರೆ ಕೆಲಸಕ್ಕೆ ಮರಳಿದ ಈ ಬೆಳಿಗ್ಗೆಯಿಂದ ನಡೆಯುತ್ತಿದ್ದುದೇ ಬೇರೆ: ಅವಳ ರಜೆಗೆ ಒಬ್ಬೊಬ್ಬರ ಬಾಯಲ್ಲಿ ಒಂದೊಂದು ಕಟ್ಟುಕಥೆ. ಇಸ್ತ್ರಿ ಮೇಜಿನ ಹೆಂಗಸು ಕೈ ಹಿಡಿದು, ಚಿಕ್ಕಪ್ಪನ ಮೇಲಿನ ಕೇಸು ಗೆದ್ದೆಯಂತಲ್ಲ ಎಂದಳು. ಬಾಯ್ಲರಿನವನು, ಹಡಗಿನ ಅಡುಗೆಮನೆಯಲ್ಲಿ ವಾಂತಿ ಬರಲಿಲ್ಲವೇ ಎಂದು ವಿಚಾರಿಸಿದ. ಸೋಪಿನ ಲಾರಿಯ ಡ್ರೈವರ್ ಜೊತೆ ಜಾರಿಕೊಂಡಿದ್ದಳೆಂದು ಇನ್ನೊಂದು ಪಂಗಡ. ಸೋಪೆಂದ ಮೇಲೆ ಜಾರದೆ ಇರುತ್ತದೆಯೇ? ವಯಸ್ಸಾದ ಆ ಡ್ರೈವರ್ ಎಲ್ಲರೆದುರು ಇಲ್ಲವೇ ಇಲ್ಲ ಎಂದಿದ್ದನಂತೆ, ಆದರೆ ಅಂದಿನಿಂದ ದಿನಾ ಗಡ್ಡ ಹೆರೆದುಕೊಂಡು ಬರುತ್ತಿದ್ದನಂತೆ. ಮೇಲ್ವಿಚಾರಕರಂತೂ, ಎದುರು ಬೀದಿಯ ಲಾಂಡ್ರಿಯವರು ನಿನ್ನ ಸೆಳೆದುಕೊಂಡಿದ್ದು ನನಗೂ ಗೊತ್ತಮ್ಮ, ವಾಪಸು ಬಂದಿದ್ದು ಒಳ್ಳೆಯದಾಯಿತು ಎಂದು ಕಿಟಕಿ ಪಕ್ಕದ ಮೇಜನ್ನೇ ಕೊಟ್ಟುಬಿಟ್ಟಿದ್ದರು.

ಮೂಲೆಗಳು ಕೂಡಿದವು. "ಅಕ್ಕಾ, ಇದೆಲ್ಲ ನೀವೇ ಹೇಳಿದ್ದಾ?"

ದೂರ ಸರಿದು ಮತ್ತೆ ಹತ್ತಿರ ಬಂದಾಗ ಟಪಾಲಕ್ಕ, "ಮತ್ತೇನು? ಇವರನ್ನ ಖಾಲಿ ಹೊಟ್ಟೇಲಿ ಬಿಟ್ರೆ ತಾವೇ ಹುಡುಕ್ಕೊಂಡು ತಿಂತಾರೆ" ಎಂದಳು. ಇನ್ನೊಂದು ಚಾದರಕ್ಕೆ, "ಈಗ ನಿಜ ಬಂದು ಬಾಗಿಲು ತಟ್ಟಿದ್ರೂ ಒಳಗೆ ಜಾಗ ಇಲ್ಲ."

ಗುಬ್ಬಿಗೆ ನಗು ಬಂತು. ಬಹಳ ದಿನದ ಮೇಲೆ ಬಂದಿದ್ದರಿಂದ ಅದು ದಾರಿ ತಪ್ಪಿ ಕಣ್ಣಿನಿಂದ ಹೊರಟಿತು. "ಅವತ್ತು ನನ್ನ ನೋಡೋಕೆ ಬಂದಿದ್ರಾ?"

ಟಪಾಲಕ್ಕ ಆ ಚಾದರ ಮಡಚಿಟ್ಟು ಮುಂದಿನದನ್ನು ಎತ್ತಿಕೊಂಡಳು. ಅದರ ಅಂಚು ನೇರ ಮಾಡುತ್ತ, ಯಾರದ್ದೂ ಅಲ್ಲದ ತನ್ನದೇ ದನಿಯಲ್ಲಿ ಹೇಳಿದಳು: "ಇಲ್ಲಮ್ಮ. ನನ್ನ ಮಗನ ಮಾತ್ರೆ. ತಿಂಗಳಿಗೊಂದು ಸಲ ಹೋಗ್ತೀನಿ. ಅವನು ಶಾಲೆ ಬಿಟ್ಟಾಗಿನಿಂದ."

ಟಪಾಲಕ್ಕನಿಗೆ ಮಗನಿರುವುದೇ ಲಾಂಡ್ರಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಊಟದ ಹೊತ್ತಿಗೆ ಅವಳು ಕೈ ತೊಳೆಯಲು ಒಳಗೆ ಹೋಗಿದ್ದೇ ತಡ, ಇಸ್ತ್ರಿ ಮೇಜಿನ ಹೆಂಗಸು ಶುರುಮಾಡಿದಳು. ಇವಳು ತಿಂಗಳಿಗೊಮ್ಮೆ ಅರ್ಧ ದಿನ ಎಲ್ಲಿ ಮಾಯವಾಗುತ್ತಾಳೆ? ಊರಿನವರದ್ದೆಲ್ಲ ಹೇಳುತ್ತಾಳೆ, ತನ್ನದೊಂದು ಬಿಟ್ಟು. ಈ ಸಲ ಹಿಂದೆಯೇ ಹೋಗಿ ನೋಡಿಬಿಡೋಣ.

ಹುಟ್ಟಿದಾಗಿನಿಂದ ಯಾರ ಸುದ್ದಿಗೂ ಹೋಗದ ಗುಬ್ಬಿ ಡಬ್ಬಿಯ ಮುಚ್ಚಳ ಕೆಳಗಿಟ್ಟಳು.

"ನಿಮಗೆ ಗೊತ್ತಿಲ್ವಾ? ಈಜು ಕಲಿಯೋಕೆ ಹೋಗ್ತಾರೆ. ಯಾರಿಗೂ ಹೇಳಬೇಡಿ."

"ತಿಂಗಳಿಗೊಂದು ಸಲ ಕಲಿತರೆ ತೇಲೋದು ಯಾವಾಗ?" ಎಂದ ಬಾಯ್ಲರಿನವನು.

"ಅದಕ್ಕೇ ಅಲ್ವಾ, ಪಾಪ, ಇನ್ನೂ ಮುಳುಗ್ತಾ ಇರೋದು."

ಸ್ಟೂಲುಗಳು ಒಂದೊಂದಾಗಿ ಹತ್ತಿರ ಸರಿದವು. ಗುಬ್ಬಿ ದನಿ ತಗ್ಗಿಸಿದಳು. ಒಳಗೆ ಟಪಾಲಕ್ಕ ಕೈ ತೊಳೆಯುತ್ತಿದ್ದ ನಲ್ಲಿಯ ಸದ್ದು ನಿಂತಿತ್ತು. ಬಾಗಿಲು ಮಾತ್ರ ಇನ್ನೂ ತೆರೆದಿರಲಿಲ್ಲ.